ನಿರ್ದೇಶಕ ಮಂಡಳಿಗಳಲ್ಲಿ ಸ್ತ್ರೀಯರು: ಆಯ್ಕೆಯ ದಾರಿಯನ್ನು ಕುರಿತು ಒಂದು ವಿಚಾರ



ವಾಣಿಜ್ಯವೂ ಸಮಾಜಜೀವನವೂ ಒಂದನ್ನೊಂದು ಸಂಧಿಸುವ ಯಾವುದಾದರೊಂದು ವಿಷಯವನ್ನು ಕುರಿತು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದೆ ವಿಚಾರ ನಡೆಯತಕ್ಕದ್ದೆಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರ ಸಂಕಲ್ಪವಾದ್ದರಿಂದ, ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಸ್ತ್ರೀಯರ ಸ್ಥಾನವೆಂಬ ವಿಷಯವನ್ನು ಈ ಸಾಯಂಕಾಲ ಎತ್ತಿಕೊಂಡಿದ್ದೇನೆ. ಇದು ಕೆಲವೇ ಶ್ರೀಮಂತರ ಮನೆಯ ಮಾತು, ನಮಗೇತಕ್ಕೆ ಎಂದು ಸಭೆಯಲ್ಲಿ ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಆದರೆ ಭವಿಷ್ಯನಿಧಿಯಲ್ಲಿಯೋ ವಿಮೆಯಲ್ಲಿಯೋ ಮ್ಯೂಚುಯಲ್ ಫಂಡಿನಲ್ಲಿಯೋ ನಾಲ್ಕು ಕಾಸು ಇಟ್ಟಿರುವ ಯಾರೇ ಆಗಲಿ, ತಮಗೆ ತಿಳಿದೋ ತಿಳಿಯದೆಯೋ, ಇಂದು ಹತ್ತಾರು ಕಂಪನಿಗಳಲ್ಲಿ ಪಾಲುಳ್ಳವರೇ. ಆ ಕಂಪನಿಗಳಲ್ಲಿ ಅವರ ಪರವಾಗಿ ಕುಳಿತು ಅವರ ಹಣದ ಮೇಲೆ ಕಣ್ಣಿಡತಕ್ಕವರು ಯಾರು, ಆ ಕಾವಲುಗಾರರನ್ನು ಎಲ್ಲಿಂದ ಹೇಗೆ ಹುಡುಕಿ ತಂದರು ಎಂಬುದು ಅವರಿಗೆ ಸಂಬಂಧಪಡದ ಮಾತಲ್ಲ.

ಕಂಪನಿಯೆಂಬುದು ಶಾಸನವು ಕಲ್ಪಿಸಿದ ಒಂದು ವ್ಯಕ್ತಿ. ಅದಕ್ಕೆ ಆಸ್ತಿಯುಂಟು, ಸಾಲವುಂಟು, ಹೆಸರುಂಟು, ಮೊಕದ್ದಮೆ ಹೂಡುವ ಅಧಿಕಾರವುಂಟು, ಇಲ್ಲದಿರುವುದು ಬುದ್ಧಿಯೊಂದೇ. ಆ ಕೊರತೆಯನ್ನು ತುಂಬಿಕೊಡಲೆಂದು ಏರ್ಪಟ್ಟದ್ದು ನಿರ್ದೇಶಕ ಮಂಡಳಿ. ನಮ್ಮ 2013ರ ಕಂಪನಿ ಅಧಿನಿಯಮದ ಪ್ರಕಾರ ಸಾರ್ವಜನಿಕ ಕಂಪನಿಯಲ್ಲಿ ಕನಿಷ್ಠ 3 ಮಂದಿ ನಿರ್ದೇಶಕರಿರಬೇಕು. ಷೇರುದಾರರ ವಿಶೇಷ ನಿರ್ಣಯವಿಲ್ಲದೆ 15ಕ್ಕೆ ಮೀರಬಾರದು. ವರ್ಷಕ್ಕೆ 4 ಬಾರಿಯಾದರೂ ಸೇರಬೇಕು. ಎರಡು ಸಭೆಗಳ ನಡುವೆ 120 ದಿನಗಳಿಗಿಂತ ಹೆಚ್ಚು ಅಂತರವಾಗಕೂಡದು. ಸಾಮಾನ್ಯವಾಗಿ 7 ದಿನ ಮುಂಚಿತವಾಗಿ ನೋಟೀಸು ಹೋಗಬೇಕು. ಹೀಗೆ ವರ್ಷದಲ್ಲಿ ನಾಲ್ಕೈದು ಅಪರಾಹ್ಣಗಳಲ್ಲಿ ಸೇರುವ ಈ ಹತ್ತು ಹನ್ನೆರಡು ಮಂದಿಯೇ ಕಾರ್ಖಾನೆಯನ್ನು ಮುಚ್ಚುವುದನ್ನೂ, ಸಾವಿರಾರು ಕೋಟಿಯ ಸಾಲ ತರುವುದನ್ನೂ, ಮುಖ್ಯಾಧಿಕಾರಿಯನ್ನು ನೇಮಿಸುವುದನ್ನೂ ಕೆಲಸದಿಂದ ಬಿಡಿಸುವುದನ್ನೂ ನಿಶ್ಚಯಿಸುತ್ತಾರೆ. ಆ ಕೊಠಡಿಗೆ ಪತ್ರಿಕೆಯವರಿಗೆ ಪ್ರವೇಶವಿಲ್ಲ. ಷೇರುದಾರನಾದವನು ಮಹಾಸಭೆಯ ನಡಾವಳಿ ಪುಸ್ತಕವನ್ನು ತರಿಸಿ ನೋಡಬಹುದೇ ಹೊರತು ಮಂಡಳಿಯ ಸಭೆಯ ನಡಾವಳಿಯನ್ನು ನೋಡುವ ಹಕ್ಕು ಅವನಿಗಿಲ್ಲ. ವಿಧಾನಸಭೆಯಲ್ಲಿ ಯಾರು ಏನೆಂದರೆಂಬುದು ಮರುದಿನ ಊರಿಗೆಲ್ಲ ಗೊತ್ತಾಗುತ್ತದೆ. ಮಂಡಳಿಯಲ್ಲಿ ಯಾರು ಮೌನವಾಗಿದ್ದರೆಂಬುದು ಎಂದಿಗೂ ಗೊತ್ತಾಗುವುದಿಲ್ಲ.

ಅಂಥ ಕೊಠಡಿಗಳಲ್ಲಿ ಕಾರ್ಯದರ್ಶಿಯಾಗಿ ನಡಾವಳಿ ಬರೆಯುತ್ತ ಬಹುಕಾಲ ಕುಳಿತವನಾದ್ದರಿಂದ, ಅಲ್ಲಿಯ ನಿರ್ದೇಶಕರು ಹೇಗೆ ನಿರ್ದೇಶಕರಾದರೆಂಬುದನ್ನು ಸ್ವಲ್ಪಮಟ್ಟಿಗೆ ಬಲ್ಲೆ. ಶಾಸನದ ಭಾಷೆಯಲ್ಲಿ ಅವರನ್ನು ಷೇರುದಾರರು ಚುನಾಯಿಸುತ್ತಾರೆ. ವ್ಯವಹಾರದಲ್ಲಿ ಅದು ನಮ್ಮ ಮನೆಗಳ ವರಾನ್ವೇಷಣೆಯಂತೆಯೇ ನಡೆಯುತ್ತಿತ್ತು: ಗೊತ್ತಿದ್ದ ಮನೆತನ, ಕೂಡಿ ಓದಿದ ಕಾಲೇಜು, ಒಂದೇ ಕ್ಲಬ್ಬಿನ ಸದಸ್ಯತ್ವ, ಅವರಿಗೆ ಇವರು ಹೇಳಿದರು, ಇವರಿಗೆ ಅವರು ಹೇಳಿದರು, ಹುಡುಗ ಒಳ್ಳೆಯವನಂತೆ, ಎದುರಾಡುವವನಲ್ಲವಂತೆ, ಮುಗಿಯಿತು. ಬ್ಯಾಂಕಿನಿಂದ ನಿವೃತ್ತರಾದ ದೊಡ್ಡವರೊಬ್ಬರು, ಸರಕಾರದ ಕಾರ್ಯದರ್ಶಿಗಳಾಗಿದ್ದವರೊಬ್ಬರು, ಲೆಕ್ಕಪರಿಶೋಧಕರೊಬ್ಬರು, ಕಂಪನಿಯನ್ನು ಹುಟ್ಟುಹಾಕಿದ ಪ್ರವರ್ತಕರ ಭಾವಮೈದುನರೊಬ್ಬರು, ಇಷ್ಟು ಕೂಡಿದರೆ ಮಂಡಳಿ ತುಂಬಿತು. ಇವರಲ್ಲಿ ಬುದ್ಧಿವಂತರೂ ಪ್ರಾಮಾಣಿಕರೂ ಬೇಕಾದಷ್ಟು ಮಂದಿ ಇದ್ದರು. ಆದರೆ ಇವರಿಗಿಂತ ಯೋಗ್ಯರಾದವರು ಬೇರೆ ಎಲ್ಲಿಯಾದರೂ ಉಂಟೆ ಎಂದು ಯಾರೂ ಹುಡುಕಿದವರಲ್ಲ. ಹುಡುಕಬೇಕೆಂಬ ಆವಶ್ಯಕತೆಯೇ ಯಾರಿಗೂ ತೋರಿರಲಿಲ್ಲ.

ಈ ವರ್ತುಲದಲ್ಲಿ ಸ್ತ್ರೀಯರು ಇರಲಿಲ್ಲವೆಂಬುದಕ್ಕೆ ಯಾರ ದ್ವೇಷವೂ ಕಾರಣವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಆ ಕ್ಲಬ್ಬುಗಳಲ್ಲಿ ಇರಲಿಲ್ಲ. ಆ ಹುದ್ದೆಗಳಿಂದ ನಿವೃತ್ತರಾದವರಲ್ಲಿ ವಿರಳರಾಗಿದ್ದರು. ಆದುದರಿಂದ ಹೆಸರು ಹೇಳುವವರ ನಾಲಗೆಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ದ್ವೇಷವಾಗಿದ್ದರೆ ಅದನ್ನು ಎದುರಿಸಬಹುದಿತ್ತು. ಅಭ್ಯಾಸವನ್ನು ಎದುರಿಸುವುದು ಕಷ್ಟ, ಏಕೆಂದರೆ ಅದು ತನ್ನನ್ನು ತಾನು ಯೋಗ್ಯತೆಯೆಂದು ನಂಬಿಕೊಂಡಿರುತ್ತದೆ.

ಈ ಅಭ್ಯಾಸದ ಮೇಲೆ ಶಾಸನದ ಮೊದಲ ಪ್ರಬಲವಾದ ಪ್ರಹಾರ ಬಿದ್ದದ್ದು ನಾರ್ವೆ ದೇಶದಲ್ಲಿ. ಬಿದ್ದ ರೀತಿ ವಿನೋದಕರವಾಗಿಯೂ ಇದೆ. ಆನ್ಸ್‌ಗರ್ ಗಾಬ್ರಿಯೆಲ್‌ಸನ್ ಎಂಬವರು ಅಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಯ ಮಂತ್ರಿಗಳಾಗಿದ್ದರು. ಅವರು ಸ್ತ್ರೀವಾದಿಗಳಲ್ಲ, ಸಮಾಜವಾದಿಗಳೂ ಅಲ್ಲ. ವ್ಯಾಪಾರ ಮಾಡಿ ಬಂದವರು, ಸಂಪ್ರದಾಯನಿಷ್ಠವೆನಿಸಿದ ಬಲಪಂಥೀಯ ಪಕ್ಷಕ್ಕೆ ಸೇರಿದವರು. 2002ರ ಫೆಬ್ರವರಿಯಲ್ಲಿ, ಸಂಪುಟದ ಸಹೋದ್ಯೋಗಿಗಳೊಡನೆ ಮುಂದಾಗಿ ಸಮಾಲೋಚಿಸದೆ, ಅವರು ‘ವಿ.ಜಿ.’ ಎಂಬ ಪತ್ರಿಕೆಗೆ ಸಂದರ್ಶನವಿತ್ತು, ಕಂಪನಿಗಳ ಮಂಡಳಿಗಳಲ್ಲಿ ನೂರಕ್ಕೆ 40ರಷ್ಟು ಸ್ತ್ರೀಯರಿರಬೇಕೆಂದೂ, ಕಂಪನಿಗಳು ತಾವಾಗಿ ಇದನ್ನು ಮಾಡದಿದ್ದರೆ ಕಾನೂನು ಮಾಡಿಸುವುದಾಗಿಯೂ ಹೇಳಿಬಿಟ್ಟರು. ಸರಕಾರದವರಿಗೂ ಪಕ್ಷದವರಿಗೂ ವರ್ತಕ ಸಂಘಗಳಿಗೂ ಈ ಸುದ್ದಿ ಏಕಕಾಲದಲ್ಲಿ, ಪತ್ರಿಕೆಯ ಮೂಲಕವೇ ತಿಳಿಯಿತು. ಆಡಿದ ಮಾತನ್ನು ಹಿಂದೆಗೆದುಕೊಳ್ಳುವುದು ಅಲ್ಲಿಂದಾಚೆಗೆ ಆಡಿದುದಕ್ಕಿಂತ ಕಷ್ಟವಾಯಿತು. 2003ರ ಕೊನೆಯಲ್ಲಿ ಅಲ್ಲಿಯ ಸಂಸತ್ತು ಶಾಸನವನ್ನು ಅಂಗೀಕರಿಸಿತು. ಸ್ವಯಂಪ್ರೇರಣೆಯಿಂದ ಪಾಲಿಸಲು 2005ರ ನಡುವಿನವರೆಗೆ ಅವಕಾಶ ಕೊಟ್ಟಿತು. ಬೇಕಾದಷ್ಟು ಪಾಲನೆ ಕಾಣದಿದ್ದಾಗ 2006ರ ಜನವರಿಯಿಂದ ಅದನ್ನು ಕಡ್ಡಾಯ ಮಾಡಿ, ಹಳೆಯ ಕಂಪನಿಗಳಿಗೆ ಎರಡು ವರ್ಷದ ಗಡುವಿತ್ತಿತು. 2002ರಲ್ಲಿ ನೂರಕ್ಕೆ ಸುಮಾರು 6ರಷ್ಟಿದ್ದ ಸ್ತ್ರೀನಿರ್ದೇಶಕರ ಪ್ರಮಾಣ 2008ರ ಹೊತ್ತಿಗೆ 40ರ ಸನಿಹಕ್ಕೆ ಬಂದಿತು.

ಇಷ್ಟು ಬೇಗ ಇಷ್ಟು ದೂರ ಹೋದದ್ದು ಹೇಗೆಂದರೆ, ಅಲ್ಲಿಯ ದಂಡನೆ ಜುಲ್ಮಾನೆಯಲ್ಲ. ಶಾಸನವನ್ನು ಪಾಲಿಸದ ಕಂಪನಿಯನ್ನು ವಿಸರ್ಜಿಸಬಹುದಾಗಿತ್ತು. ಇನ್ನೊಂದು ವಿಶೇಷವನ್ನೂ ಗಮನಿಸಬೇಕು: ಆ ಶಾಸನದ ಅಕ್ಷರದಲ್ಲಿ ಸ್ತ್ರೀಯರಿಗೆ ಮೀಸಲೆಂಬ ಮಾತೇ ಇಲ್ಲ. ಹತ್ತು ಅಥವಾ ಹೆಚ್ಚು ಸದಸ್ಯರುಳ್ಳ ಮಂಡಳಿಯಲ್ಲಿ ಸ್ತ್ರೀಪುರುಷರಿಬ್ಬರಲ್ಲಿ ಯಾರ ಪ್ರಮಾಣವೂ ನೂರಕ್ಕೆ 40ಕ್ಕಿಂತ ಕಡಮೆಯಾಗಬಾರದೆಂದೂ, ಚಿಕ್ಕ ಮಂಡಳಿಗಳಿಗೆ ಅವುಗಳ ಸಂಖ್ಯೆಗೆ ತಕ್ಕಂತೆ ಇಂತಿಷ್ಟು ಮಂದಿಯೆಂದೂ ಅದು ಹೇಳುತ್ತದೆ. ಸ್ತ್ರೀಯರೇ ತುಂಬಿಕೊಂಡ ಮಂಡಳಿಯೊಂದು ಮುಂದೆ ಎಂದಾದರೂ ಬಂದರೆ, ಆಗ ಪುರುಷರಿಗೆ ಅದೇ ಆಶ್ರಯ.

ಆಮೇಲೆ ಏನಾಯಿತು? ಮೊದಲು ಹಗುರವಾದ ಮಾತು. ಕೆಲವೇ ಮಂದಿ ಹೆಂಗಸರನ್ನು ಅನೇಕ ಕಂಪನಿಗಳು ಏಕಕಾಲದಲ್ಲಿ ಕರೆದುದರಿಂದ, ಹಲವು ಪೀಠಗಳನ್ನು ಒಟ್ಟಿಗೆ ಅಲಂಕರಿಸಿದವರಿಗೆ ಅಲ್ಲಿಯ ಜನ ‘ಚಿನ್ನದ ಲಂಗದವರು’ ಎಂದು ಹೆಸರಿಟ್ಟರು. ಹಿಂದೆ ಅಷ್ಟೇ ಪೀಠಗಳನ್ನು ಅಲಂಕರಿಸುತ್ತಿದ್ದ ಗಂಡಸರ ಉಡುಪಿಗೆ ಮಾತ್ರ ಯಾರೂ ಹೆಸರಿಟ್ಟಿರಲಿಲ್ಲ. ಇನ್ನು ಭಾರವಾದ ಮಾತು. ಅಹರ್ನ್ ಮತ್ತು ಡಿಟ್‌ಮಾರ್ ಎಂಬ ವಿದ್ವಾಂಸರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಸನದಿಂದ ನಾರ್ವೆಯ ಕಂಪನಿಗಳ ಮಾರುಕಟ್ಟೆ ಮೌಲ್ಯ ಇಳಿಯಿತೆಂದೂ, ಹೊಸಬರು ಕಿರಿಯರೂ ಮುಖ್ಯಾಧಿಕಾರಿಗಳಾಗಿ ಅನುಭವ ಪಡೆಯದವರೂ ಆಗಿದ್ದುದು ಅದಕ್ಕೆ ಕಾರಣವೆಂದೂ ವಾದಿಸಿದರು. ಎಕ್ಬೊ ಮೊದಲಾದವರು ಹತ್ತು ವರ್ಷದ ಅನಂತರ ಅದೇ ಲೆಕ್ಕವನ್ನು ಮತ್ತೆ ಹಾಕಿ, ಆ ನಿರ್ಣಯ ಪರೀಕ್ಷೆಗೆ ನಿಲ್ಲದೆಂದರು. ಮರಿಯಾನ್ ಬರ್ಟ್ರಂಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇವೆರಡಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ಅವರು ಕಂಡದ್ದು ಎರಡು ಸಂಗತಿ: ಶಾಸನದ ಬಲದಿಂದ ಒಳಕ್ಕೆ ಬಂದ ಸ್ತ್ರೀಯರು, ಶಾಸನಕ್ಕೆ ಮುಂಚೆ ಬಂದಿದ್ದ ಸ್ತ್ರೀಯರಿಗಿಂತ ವಿದ್ಯಾರ್ಹತೆಗಳಲ್ಲಿ ಮೇಲಾಗಿದ್ದರು, ಆದರೆ ಮೇಲಿನ ಈ ಸ್ಥಾನಲಾಭದಿಂದ ಅದೇ ಕಂಪನಿಗಳಲ್ಲಿ ಕೆಳಗೆ ದುಡಿಯುತ್ತಿದ್ದ ಸ್ತ್ರೀಯರ ಸಂಬಳಕ್ಕಾಗಲಿ ಬಡತಿಗಾಗಲಿ ಹೇಳಿಕೊಳ್ಳುವಂಥ ಪ್ರಯೋಜನವೇನೂ ಇಳಿದುಬರಲಿಲ್ಲ.

ಮೊದಲನೆಯ ಸಂಗತಿ ಎಷ್ಟು ಅರ್ಥಪೂರ್ಣವಾದದ್ದೆಂಬುದನ್ನು ಎಲ್ಲರೂ ಗ್ರಹಿಸಿದಂತಿಲ್ಲ. ಮೀಸಲು ಬಂದರೆ ಯೋಗ್ಯತೆ ಇಳಿಯುವುದೆಂಬುದು ಎಲ್ಲ ಕಾಲದ ಎಲ್ಲ ದೇಶದ ಆಕ್ಷೇಪ. ಇಲ್ಲಿ ಆದದ್ದು ಅದರ ವಿಪರೀತ. ಹಿಂದೆ ಒಬ್ಬಿಬ್ಬರು ಹೆಂಗಸರು ಸಾಕಾಗಿದ್ದಾಗ ಕೈಗೆ ಸಿಕ್ಕಿದವರನ್ನು ಕರೆದರು. ಬಹುಮಂದಿ ಬೇಕಾದಾಗ ಹುಡುಕಬೇಕಾಯಿತು. ಹುಡುಕಿದಾಗ ಉತ್ತಮರು ಸಿಕ್ಕಿದರು. ಈ ಸಾಯಂಕಾಲ ನಾನು ಹೇಳಬಂದಿರುವುದು ಮುಖ್ಯವಾಗಿ ಇಷ್ಟೇ: ಇಂಥ ಶಾಸನದ ನಿಜವಾದ ಉಪಕಾರವಿರುವುದು ಪೀಠವನ್ನು ಕೊಡುವುದರಲ್ಲಿ ಅಲ್ಲ, ಹುಡುಕುವಂತೆ ಮಾಡುವುದರಲ್ಲಿ, ಹುಡುಕಾಟವನ್ನು ತಪ್ಪಿಸಿಕೊಳ್ಳಲು ಎಡೆಗೊಡುವ ಶಾಸನವು ಪೀಠಗಳನ್ನು ಎಷ್ಟು ಕೊಟ್ಟರೂ ವ್ಯರ್ಥ.

ನಮ್ಮ ದೇಶದ ಚರಿತ್ರೆ ಇದನ್ನೇ ಮತ್ತೊಂದು ಕಡೆಯಿಂದ ತೋರಿಸುತ್ತದೆ. 2013ರ ಅಧಿನಿಯಮದ 149ನೆಯ ಪ್ರಕರಣಕ್ಕೆ ಒಂದು ಪರಂತುಕವನ್ನು ಸೇರಿಸಿ, ನಿಯಮಗಳಲ್ಲಿ ಹೇಳಿದ ವರ್ಗದ ಕಂಪನಿಗಳಲ್ಲಿ ಕನಿಷ್ಠಪಕ್ಷ ಒಬ್ಬ ಸ್ತ್ರೀನಿರ್ದೇಶಕರಿರತಕ್ಕದ್ದೆಂದು ವಿಧಿಸಲಾಯಿತು. ಷೇರುಪೇಟೆಯ ಪಟ್ಟಿಯಲ್ಲಿರುವ ಎಲ್ಲ ಕಂಪನಿಗಳೂ, 100 ಕೋಟಿ ರೂಪಾಯಿಗೆ ಕಡಮೆಯಿಲ್ಲದ ಸಂದಾಯಿತ ಬಂಡವಾಳವೋ 300 ಕೋಟಿಗೆ ಕಡಮೆಯಿಲ್ಲದ ವಹಿವಾಟೋ ಉಳ್ಳ ಇತರ ಸಾರ್ವಜನಿಕ ಕಂಪನಿಗಳೂ ಆ ವರ್ಗಕ್ಕೆ ಸೇರಿದವು. ಷೇರುಪೇಟೆಯ ನಿಯಂತ್ರಣಾಧಿಕಾರಿಯಾದ ಸೆಬಿಯು ಮೊದಲು 2014ರ ಅಕ್ಟೋಬರ್ 1ರ ಗಡುವನ್ನಿಟ್ಟು, ಬಳಿಕ ಅದನ್ನು 2015ರ ಮಾರ್ಚ್ 31ಕ್ಕೆ ಮುಂದೂಡಿತು. ಗಡುವಿನ ಕೊನೆಯ ದಿನಗಳಲ್ಲಿ ನಡೆದ ಗಡಿಬಿಡಿಯನ್ನು ವೃತ್ತಿಯಲ್ಲಿದ್ದವರಾರೂ ಮರೆತಿರಲಾರರು. ನಿರ್ದೇಶಕರ ಗುರುತಿನ ಸಂಖ್ಯೆಗೆ ಅರ್ಜಿಗಳು ಹರಿದುಬಂದವು. ಸಮ್ಮತಿಪತ್ರಗಳಿಗೆ ರಾತ್ರೋರಾತ್ರಿ ಸಹಿಯಾಯಿತು. ಆ ಪತ್ರಗಳಲ್ಲಿ ನಿರ್ದೇಶಕರ ವಿಳಾಸವೂ ಪ್ರವರ್ತಕರ ವಿಳಾಸವೂ ಒಂದೇ ಆಗಿರುವುದು ಅಪೂರ್ವವಾಗಿರಲಿಲ್ಲ. ಪತ್ನಿ, ಪುತ್ರಿ, ಸೊಸೆ, ಅತ್ತಿಗೆ: ಯಾರು ಬಂದರೂ ಶಾಸನಕ್ಕೆ ತೃಪ್ತಿಯೇ, ಏಕೆಂದರೆ ಅದು ಕೇಳಿದ್ದು ಸ್ತ್ರೀಯನ್ನು; ಸ್ವತಂತ್ರಳಾದ ಸ್ತ್ರೀಯನ್ನಲ್ಲ. ಅಷ್ಟನ್ನೂ ಮಾಡದವರಿಗೆ ಸೆಬಿ ವಿಧಿಸಿದ ಜುಲ್ಮಾನೆ ಮೊದಲ ಮೂರು ತಿಂಗಳ ತಡಕ್ಕೆ 50,000 ರೂಪಾಯಿ. ಸೆಪ್ಟೆಂಬರನ್ನೂ ಮೀರಿದರೆ 1,42,000 ರೂಪಾಯಿ ಮತ್ತು ದಿನಕ್ಕೆ 5,000. ಕಂಪನಿಯನ್ನೇ ವಿಸರ್ಜಿಸುವ ನಾರ್ವೆ ಎಲ್ಲಿ, ಮಂಡಳಿಯ ಒಂದು ದಿನದ ಊಟೋಪಚಾರದ ವೆಚ್ಚದಲ್ಲಿ ತೀರಿಹೋಗುವ ಈ ದಂಡವೆಲ್ಲಿ!

ಆದರೂ ಮನೆತನದ ಮೂಲಕ ಬಂದ ಸ್ತ್ರೀಯೆಲ್ಲ ಕೀಲುಗೊಂಬೆಯೆಂದು ಭಾವಿಸುವುದು ಅನ್ಯಾಯ. ಸುಮತಿ ಮೊರಾರ್ಜಿಯವರು ಸಿಂಧಿಯಾ ಹಡಗು ಕಂಪನಿಗೆ ಬಂದದ್ದು ಸೊಸೆಯಾಗಿಯೇ. 1919ರಲ್ಲಿ ಆ ಕಂಪನಿ ‘ಲಾಯಲ್ಟಿ’ ಎಂಬ ತನ್ನ ಹಡಗನ್ನು ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿ ಇಂಗ್ಲಿಷರ ಸಾಗರೈಕಸ್ವಾಮ್ಯಕ್ಕೆ ಸವಾಲು ಹಾಕಿತ್ತು. ಅದರ ಆಡಳಿತವನ್ನು ಕೈಗೆತ್ತಿಕೊಂಡ ಈಕೆ 1956ರಲ್ಲಿ ಭಾರತದ ಹಡಗುಮಾಲಿಕರ ಸಂಘಕ್ಕೇ ಅಧ್ಯಕ್ಷರಾದರು. ಯಾವ ಮೀಸಲೂ ಇಲ್ಲದ ಕಾಲದಲ್ಲಿ, ಹೆಂಗಸರು ಕಾಲಿಡದಿದ್ದ ಉದ್ಯಮದಲ್ಲಿ. ಬಾಗಿಲು ಮನೆಯವರದಾದರೂ ಒಳಗೆ ಹೋದಮೇಲೆ ನಡೆದದ್ದು ತಮ್ಮ ಕಾಲಿನಿಂದಲೇ. ಸೊಸೆ ಬಂದಳೆಂಬುದು ಆಕ್ಷೇಪವಲ್ಲ. ಸೊಸೆ ಸಿಕ್ಕಿದಳೆಂದು ಹುಡುಕುವುದನ್ನೇ ಬಿಟ್ಟರೆಂಬುದು ಆಕ್ಷೇಪ.

ಈ ಲೋಪವನ್ನು ಕಂಡವರು ಉದಯ ಕೋಟಕ್ ಅವರ ಅಧ್ಯಕ್ಷತೆಯಲ್ಲಿ ಸೆಬಿ 2017ರಲ್ಲಿ ನೇಮಿಸಿದ ಸಮಿತಿಯವರು. ಅವರ ಶಿಫಾರಸಿನ ಮೇಲೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳು 2019ರ ಏಪ್ರಿಲ್ 1ರೊಳಗೂ, ಮೊದಲ 1000 ಕಂಪನಿಗಳು ಮರುವರ್ಷದ ಅದೇ ದಿನದೊಳಗೂ ಒಬ್ಬ ‘ಸ್ವತಂತ್ರ’ ಸ್ತ್ರೀನಿರ್ದೇಶಕರನ್ನು ಹೊಂದಿರಬೇಕೆಂದಾಯಿತು. ಸ್ವತಂತ್ರ ನಿರ್ದೇಶಕರೆಂದರೆ ಪ್ರವರ್ತಕರಲ್ಲದವರು, ಪ್ರವರ್ತಕರ ಬಂಧುಗಳಲ್ಲದವರು, ಕಂಪನಿಯೊಡನೆ ಗಣನೀಯವಾದ ಹಣದ ವ್ಯವಹಾರವಿಲ್ಲದವರು. ಈ ಒಂದು ವಿಶೇಷಣ ಸೇರಿದ ಕೂಡಲೆ ಹುಡುಕಾಟ ಅನಿವಾರ್ಯವಾಯಿತು. ಮನೆಯಲ್ಲಿ ಹುಡುಕಿದರೆ ಸಿಗುವಂತಿಲ್ಲವಷ್ಟೆ.

ಹೊರಗಿನವರು ಬಂದರೆ ಏನಾಗುತ್ತದೆಂಬುದಕ್ಕೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಲೆ? ಕಂಪನಿಯ ಹೆಸರು ಬೇಡ. ಕಾರ್ಯಸೂಚಿಯ ಕೊನೆಯಲ್ಲಿ, ಎಲ್ಲರೂ ಗಡಿಯಾರ ನೋಡುತ್ತಿರುವ ಹೊತ್ತಿನಲ್ಲಿ ಬರುವಂತೆ ಇಟ್ಟಿದ್ದ ಒಂದು ವಿಷಯ: ಪ್ರವರ್ತಕರ ತಮ್ಮನಿಗೆ ಸೇರಿದ ಕಟ್ಟಡದ ಬಾಡಿಗೆ ಕರಾರನ್ನು ನವೀಕರಿಸುವುದು. ಹಿಂದೆ ಅದು ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆ ಸಲ ಹೊಸದಾಗಿ ಬಂದಿದ್ದ ಮಹಿಳೆಯೊಬ್ಬರು, ತೆರಿಗೆ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಕಾಗದವನ್ನು ಮಡಿಸದೆ, “ಚದರಡಿಗೆ ಎಷ್ಟು ಬೀಳುತ್ತೆ ಇದು? ಪಕ್ಕದ ಕಟ್ಟಡದವರು ಎಷ್ಟು ತೊಗೊಳ್ತಾರೆ?” ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ಹಣಕಾಸಿನ ಅಧಿಕಾರಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ನಡಾವಳಿಯ ಕಾಗದ ನೋಡಿದೆ. ಕೊನೆಗೆ, “ಆಯ್ತು ಮೇಡಂ, ವಿವರ ತರಿಸಿ ಮುಂದಿನ ಸಭೇಲಿ ಇಡೋಣ” ಎಂದಾಯಿತು. ಮುಂದಿನ ಸಭೆಗೆ ವಿವರದ ಜತೆಗೆ ಇಳಿಸಿದ ಬಾಡಿಗೆಯೂ ಬಂದಿತು. ನಡಾವಳಿಯಲ್ಲಿ ಮಾತ್ರ, ನಮ್ಮ ವೃತ್ತಿಯ ಪುರಾತನ ಸಂಪ್ರದಾಯದಂತೆ, ‘ಚರ್ಚೆಯ ನಂತರ ಅನುಮೋದಿಸಲಾಯಿತು’ ಎಂದಷ್ಟೇ ಬರೆದಿದೆ.

ಆ ಪ್ರಶ್ನೆ ಹುಟ್ಟಿದ್ದು ಸ್ತ್ರೀತ್ವದಿಂದಲೆ? ನನಗೆ ಹಾಗೆ ತೋರುವುದಿಲ್ಲ. ಆ ಬಾಡಿಗೆ ಹೆಚ್ಚೆಂದು ಮೇಜಿನ ಸುತ್ತ ಇದ್ದ ಗಂಡಸರಿಗೂ ಗೊತ್ತಿತ್ತು. ಆದರೆ ಅವರು ಆ ತಮ್ಮನ ಮಗಳ ಮದುವೆಯಲ್ಲಿ ಉಂಡುಬಂದವರು. ಈಕೆ ಉಂಡಿರಲಿಲ್ಲ, ಅಷ್ಟೇ. ಹೆಂಗಸರಿಗೆ ಸ್ವಭಾವತಃ ಜಾಗರೂಕತೆ ಹೆಚ್ಚು, ನೀತಿ ಹೆಚ್ಚು, ಮಾತೃಹೃದಯ ಹೆಚ್ಚು, ಆದುದರಿಂದ ಅವರನ್ನು ಮಂಡಳಿಗೆ ತರಬೇಕು ಎಂದು ವಾದಿಸುವವರನ್ನು ಕಂಡರೆ ನನಗೆ ಭಯ. ಅದೇ ಸ್ವಭಾವವನ್ನು ತೋರಿಸಿಯೇ ಹಿಂದೆ ಅವರನ್ನು ಹೊರಗಿಟ್ಟದ್ದು.

ಲಾಭದ ವಾದವೂ ನನಗೆ ಅಷ್ಟೇ ಅಪ್ರಿಯ. ಮಂಡಳಿಯಲ್ಲಿ ಸ್ತ್ರೀಯರಿದ್ದರೆ ಲಾಭ ಹೆಚ್ಚುತ್ತದೆಂದು ಅಂಕಿ ಅಂಶಗಳನ್ನು ಮುಂದಿಡುವವರು ಬಹುಮಂದಿ. ಲಾಭವಿರುವ ಕಂಪನಿ ಸ್ತ್ರೀಯರನ್ನು ಕರೆಯಿತೊ, ಸ್ತ್ರೀಯರು ಬಂದು ಲಾಭವಾಯಿತೊ ಎಂಬುದನ್ನು ಆ ಅಂಕಿಗಳಿಂದ ನಿರ್ಧರಿಸಲಾಗದು. ರೆನೆ ಆಡಮ್ಸ್ ಮತ್ತು ಡೇನಿಯಲ್ ಫೆರೇರಾ ಎಂಬವರು 2009ರಲ್ಲಿ ಪ್ರಕಟಿಸಿದ ಅಮೆರಿಕದ ಕಂಪನಿಗಳ ಅಧ್ಯಯನ ಹೆಚ್ಚು ವಿವೇಕವುಳ್ಳದ್ದು. ಸ್ತ್ರೀನಿರ್ದೇಶಕರು ಸಭೆಗಳನ್ನು ತಪ್ಪಿಸುವುದು ಕಡಮೆಯೆಂದೂ, ಅವರಿರುವ ಮಂಡಳಿಗಳಲ್ಲಿ ಪುರುಷರ ಹಾಜರಿಯೂ ಸುಧಾರಿಸಿತೆಂದೂ, ಲೆಕ್ಕಪರಿಶೋಧನೆಯಂಥ ಮೇಲ್ವಿಚಾರಣೆಯ ಸಮಿತಿಗಳಲ್ಲಿ ಅವರು ಹೆಚ್ಚಾಗಿ ಕಾಣುತ್ತಾರೆಂದೂ ತೋರಿಸಿಕೊಟ್ಟ ಅದೇ ಲೇಖಕರು, ಕಂಪನಿಯ ಸಾಧನೆಯ ಮೇಲೆ ಸರಾಸರಿಯಲ್ಲಿ ಅದರ ಪರಿಣಾಮ ಪ್ರತಿಕೂಲವೆಂದೂ, ಮೊದಲೇ ಬಿಗಿಯಾದ ಮೇಲ್ವಿಚಾರಣೆಯಿದ್ದ ಕಡೆ ಅದು ಅತಿಯಾಗಬಹುದೆಂದೂ ಹೇಳಲು ಹಿಂಜರಿಯಲಿಲ್ಲ. ಹೀಗಿರುವಾಗ ಲಾಭದ ಮೇಲೆ ನ್ಯಾಯವನ್ನು ಕಟ್ಟಿದರೆ, ಲಾಭ ಇಳಿದ ವರ್ಷ ನ್ಯಾಯವೂ ಇಳಿಯಬೇಕಾಗುತ್ತದೆ. ಗಂಡಸರನ್ನು ನೇಮಿಸುವಾಗ, ಗಂಡಸರಿಂದ ಲಾಭ ಹೆಚ್ಚುತ್ತದೆಂಬುದಕ್ಕೆ ಪ್ರಮಾಣವೇನೆಂದು ಯಾರೂ ಕೇಳಿರಲಿಲ್ಲವಲ್ಲ.

ಒಬ್ಬರೇ ಸಾಕೆ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ ಅವರು ಒಂದು ದೊಡ್ಡ ಕೈಗಾರಿಕಾ ಸಂಸ್ಥೆಯನ್ನು ಒಳಗಿನಿಂದ ನೋಡಿ 1977ರಲ್ಲಿ ಬರೆದ ಗ್ರಂಥದಲ್ಲಿ, ನೂರಕ್ಕೆ 15ಕ್ಕಿಂತ ಕಡಮೆಯಿರುವ ಗುಂಪಿನವರ ಪಾಡನ್ನು ಸೂಕ್ಷ್ಮವಾಗಿ ವರ್ಣಿಸಿದ್ದಾರೆ. ಅಂಥವರು ಮಾಡಿದ್ದೆಲ್ಲ ಎದ್ದುಕಾಣುತ್ತದೆ. ಅವರ ತಪ್ಪು ಅವರ ಜಾತಿಗೇ ಅಂಟುತ್ತದೆ. ಅವರು ಬಂದರೆಂದು ಉಳಿದವರು ಇನ್ನಷ್ಟು ಒತ್ತಾಗುತ್ತಾರೆ. ಹನ್ನೆರಡು ಮಂದಿಯ ಮೇಜಿನಲ್ಲಿ ಒಬ್ಬರು ನೂರಕ್ಕೆ 8ರ ಲೆಕ್ಕ. ಅವರು ಬಾಯಿಬಿಟ್ಟರೆ ‘ಮಹಿಳೆಯರ ಅಭಿಪ್ರಾಯವೇನು, ಕೇಳೋಣ’ ಎಂದು ಅಧ್ಯಕ್ಷರು ಮುಗುಳ್ನಗುವುದನ್ನು ನಾನು ಕೇಳಿದ್ದೇನೆ. ವಿಷಯ ಕಬ್ಬಿಣದ ಅದಿರಿನ ಬೆಲೆ! ಮೂವರಾದರೆ ಆ ನಗು ನಿಲ್ಲುತ್ತದೆಂದು ಈ ವಿಷಯವನ್ನು ಅಭ್ಯಸಿಸಿದವರು ಹೇಳುತ್ತಾರೆ. ನಂಬಬಹುದೆಂದು ತೋರುತ್ತದೆ. ಬೇರೆ ದೇಶಗಳು ಒಬ್ಬರಲ್ಲೇ ನಿಲ್ಲಲಿಲ್ಲ: ಇಂಗ್ಲೆಂಡಿನಲ್ಲಿ ಕಡ್ಡಾಯವಿಲ್ಲದೆಯೇ, 2011ರ ಡೇವಿಸ್ ವರದಿಯ ಒತ್ತಾಯದಿಂದ, ಮೊದಲ ನೂರು ಕಂಪನಿಗಳಲ್ಲಿ ಸ್ತ್ರೀನಿರ್ದೇಶಕರ ಪ್ರಮಾಣ ನೂರಕ್ಕೆ 12.5ರಿಂದ 2015ಕ್ಕೆ 26.1ಕ್ಕೆ ಏರಿತು, ಫ್ರಾನ್ಸ್ 2011ರಲ್ಲಿ ಶಾಸನ ಮಾಡಿ 40ರ ಗುರಿಯಿಟ್ಟಿತು, ಐರೋಪ್ಯ ಒಕ್ಕೂಟವು ಹತ್ತು ವರ್ಷ ಚರ್ಚಿಸಿ 2022ರಲ್ಲಿ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ ಕಡ್ಡಾಯವಾಗಿರುವುದು ಇಂದಿಗೂ ಒಂದೇ.

ನಮ್ಮಲ್ಲಿ ಎಂದೆನಲ್ಲ, ಕರ್ನಾಟಕದವರಾದ ನಾವು ಸ್ವಲ್ಪ ತಲೆಯೆತ್ತಿ ಹೇಳಬಹುದಾದ ಸಂಗತಿಯೂ ಒಂದುಂಟು. ಕಂಪನಿಗಳ ಮಂಡಳಿಗೆ ಒಬ್ಬ ಹೆಂಗಸನ್ನು ಕರೆಯಬೇಕೆಂದು ದೆಹಲಿಗೆ ತೋರುವುದಕ್ಕೆ ಮೂವತ್ತು ವರ್ಷ ಮುಂಚೆಯೇ, ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್‌ಸಾಬರು ಮುಂದೆ ನಿಂತು ಮಾಡಿಸಿದ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಶಾಸನ, ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ಕಾದಿರಿಸಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬಂದು ದೇಶಕ್ಕೆಲ್ಲ ಮೂರನೆಯ ಒಂದು ಭಾಗವೆಂದದ್ದು ಆಮೇಲೆ. ಆಗಲೂ ನಗುವವರಿದ್ದರು, ನಗುವುದಕ್ಕೆ ಕಾರಣವೂ ಇತ್ತು: ಸಹಿ ಹೆಂಡತಿಯದು, ದರ್ಬಾರು ಗಂಡನದು. ಸಭೆಗೆ ಗಂಡನೇ ಬಂದು ಕುಳಿತು, ಪುಸ್ತಕವನ್ನು ಮನೆಗೆ ಕಳುಹಿಸಿ ಹೆಬ್ಬೆಟ್ಟು ಒತ್ತಿಸಿ ತರಿಸಿದ ಕಥೆ ಎಲ್ಲ ತಾಲ್ಲೂಕುಗಳಲ್ಲೂ ಉಂಟು. ಈಗಲೂ ಆ ದರ್ಬಾರು ಪೂರ್ತಿ ಮುಗಿದಿಲ್ಲ. ಆದರೂ ಒಂದೆರಡು ಅವಧಿ ಕಳೆಯುವಷ್ಟರಲ್ಲಿ ಅನೇಕ ಕಡೆ ಹೆಂಡತಿ ತಾನೇ ಬಂದಳು, ಕೊಳಾಯಿಯ ಮಾತೆತ್ತಿದಳು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಪಂಚಾಯತಿಗಳನ್ನು ಪರೀಕ್ಷಿಸಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ತೋರಿಸಿದ್ದೂ ಇದನ್ನೇ: ಸ್ತ್ರೀಪ್ರಧಾನರಿದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತು.

ಪಂಚಾಯತಿಗೂ ಕಂಪನಿಗೂ ನಡುವೆ ಒಂದು ಅಂತರವಿದೆ, ಅದು ಸಣ್ಣದಲ್ಲ. ಹಳ್ಳಿಯ ಸದಸ್ಯೆ ಐದು ವರ್ಷಕ್ಕೊಮ್ಮೆ ಊರಿನ ಮುಂದೆ ನಿಲ್ಲಬೇಕು. ಗಂಡನ ಬೊಂಬೆಯಾಗಿದ್ದಳೆ ಇಲ್ಲವೆ ಎಂಬುದನ್ನು ನೀರಿಗೆ ಬಿಂದಿಗೆ ಹಿಡಿದು ನಿಂತ ನೆರೆಯವರು ನಿರ್ಣಯಿಸುತ್ತಾರೆ. ಕಂಪನಿಯ ನಿರ್ದೇಶಕಿಗೆ ಮತ ಹಾಕುವುದು ಷೇರು. ಷೇರಿನ ಬಹುಭಾಗ ಪ್ರವರ್ತಕರ ಕೈಯಲ್ಲಿರುವ ನಮ್ಮ ದೇಶದಲ್ಲಿ, ಯಾರ ವ್ಯವಹಾರವನ್ನು ಪ್ರಶ್ನಿಸಬೇಕೋ ಅವರೇ ಮತದಾರರು. ಈ ಗಂಟನ್ನು ಸಡಿಲಿಸಲು 2022ರ ಜನವರಿಯಿಂದ ಸೆಬಿ, ಸ್ವತಂತ್ರ ನಿರ್ದೇಶಕರ ಮೊದಲ ನೇಮಕಕ್ಕೂ ವಿಶೇಷ ನಿರ್ಣಯ ಬೇಕೆಂದು ವಿಧಿಸಿದೆ. ಅಂದರೆ ಸಾಮಾನ್ಯವಾಗಿ ಚಲಾಯಿತ ಮತಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪರವಾಗಿರಬೇಕು. ಒಳ್ಳೆಯ ಹೆಜ್ಜೆ. ಆದರೆ ಹೆಸರನ್ನು ಮುಂದಿಡುವವರು ಯಾರೆಂಬುದು ಇನ್ನೂ ಹಾಗೆಯೇ ಇದೆ.

ಯೋಗ್ಯ ಸ್ತ್ರೀಯರು ಸಿಗುವುದಿಲ್ಲವೆಂಬ ಮಾತಿಗೆ ಉತ್ತರ ಹೇಳುತ್ತ ಕೂರುವುದಿಲ್ಲ. ಒಂದು ಉದಾಹರಣೆ ಸಾಕು. ಬೆಂಗಳೂರಿನ ಕಿರಣ್ ಮಜುಂದಾರ್ ಶಾ ಅವರ ತಂದೆ ಬಿಯರ್ ತಯಾರಿಕೆಯ ತಜ್ಞರು. ಮಗಳು ಆಸ್ಟ್ರೇಲಿಯಕ್ಕೆ ಹೋಗಿ ಅದೇ ವಿದ್ಯೆಯನ್ನು ಕಲಿತು ಬಂದಾಗ, ಹೆಂಗಸಿಗೆ ಆ ಕೆಲಸ ಕೊಡಲು ಯಾರೂ ಮುಂದಾಗಲಿಲ್ಲ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಆರಂಭಿಸಿದಾಗ ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡಿದವು. 2014ರಲ್ಲಿ ಇನ್ಫೋಸಿಸ್ ಆಕೆಯನ್ನು ಸ್ವತಂತ್ರ ನಿರ್ದೇಶಕಿಯಾಗಿ ಕರೆದುಕೊಂಡಿತು. ನಡುವಿನ ಮೂವತ್ತಾರು ವರ್ಷಗಳಲ್ಲಿ ಹುಟ್ಟಿದ್ದು ಯೋಗ್ಯತೆಯೋ, ಅದನ್ನು ನೋಡುವ ಕಣ್ಣೋ?

ಅದಕ್ಕಿಂತ ಈಗ ತುರ್ತಾದ ಸಂಗತಿ ಬೇರೆ. ಸ್ವತಂತ್ರ ನಿರ್ದೇಶಕರು ಐದೈದು ವರ್ಷದ ಎರಡು ಅವಧಿಗಳಿಗಿಂತ ಹೆಚ್ಚು ಕಾಲ ಸತತವಾಗಿ ಇರುವಂತಿಲ್ಲ. ಆ ಲೆಕ್ಕ 2014ರ ಏಪ್ರಿಲಿನಿಂದ ಆರಂಭವಾದುದರಿಂದ, ಹಿಂದಿನಿಂದಲೂ ದಶಕಗಳ ಕಾಲ ಕುಳಿತಿದ್ದ ಬಹುಮಂದಿ ಹಿರಿಯರು 2024ರ ಮಾರ್ಚ್ ಅಂತ್ಯಕ್ಕೆ ಏಳಲೇಬೇಕಾಯಿತು. ಗಡುವಿನ ಗಡಿಬಿಡಿಯಲ್ಲಿ ಸ್ವತಂತ್ರರಾಗಿ ಬಂದಿದ್ದ ಸ್ತ್ರೀಯರ ಸರದಿಯೂ ಅದರ ಬೆನ್ನಿಗೇ ಬಂದಿತು. ಸ್ತ್ರೀನಿರ್ದೇಶಕರ ಸ್ಥಾನ ತೆರವಾದರೆ ಮುಂದಿನ ಸಭೆಯೊಳಗೆ ಅಥವಾ ಮೂರು ತಿಂಗಳೊಳಗೆ, ಯಾವುದು ತಡವೋ ಅದರೊಳಗೆ ತುಂಬಬೇಕೆಂದು ನಿಯಮಗಳು ಹೇಳುತ್ತವೆ. ಹುಡುಕುವುದಕ್ಕೆ ಮೂರು ತಿಂಗಳು ಸಾಲದು, ಮುಂಚೆಯೇ ಹುಡುಕಿಡದಿದ್ದರೆ. ಈಗ ಪಟ್ಟಿಯ ಕಂಪನಿಗಳ ನಾಮನಿರ್ದೇಶನ ಸಮಿತಿಗಳು ಪ್ರತಿಯೊಂದು ಸ್ವತಂತ್ರ ನೇಮಕಕ್ಕೂ, ಮಂಡಳಿಯಲ್ಲಿ ಯಾವ ಪರಿಣತಿಯ ಕೊರತೆಯಿದೆಯೆಂಬುದನ್ನು ಅಳೆದು, ಬೇಕಾದ ಸಾಮರ್ಥ್ಯದ ವಿವರಣೆಯನ್ನು ಬರೆದಿಟ್ಟುಕೊಳ್ಳಬೇಕೆಂದೂ, ಬೇರೆಬೇರೆ ಹಿನ್ನೆಲೆಗಳ ಅಭ್ಯರ್ಥಿಗಳನ್ನು ಪರಿಗಣಿಸಬಹುದೆಂದೂ ಸೆಬಿಯ ನಿಯಮವಿದೆ. ಬರೆದಿಟ್ಟುಕೊಳ್ಳುತ್ತಾರೊ ಇಲ್ಲವೊ, ಕೇಳುವವರು ಬೇಕು.

ಈ ಸಭೆಯಲ್ಲಿ ಹತ್ತೋ ಇಪ್ಪತ್ತೋ ಷೇರುಗಳನ್ನು ಇಟ್ಟುಕೊಂಡವರು ಅನೇಕರಿದ್ದೀರಿ. ವಾರ್ಷಿಕ ಮಹಾಸಭೆಗೆ 21 ದಿನ ಮುಂಚೆ ನಿಮಗೆ ನೋಟೀಸು ಬರುತ್ತದೆ. ಅದರ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ, ನೇಮಕವಾಗಲಿರುವವರ ಪರಿಚಯವಿರುತ್ತದೆ. ಹಿಂದಿನಂತೆ ಸಿಹಿತಿಂಡಿಯ ಪೊಟ್ಟಣ ಸಿಗದಿದ್ದರೂ, ವಿಡಿಯೊ ಮೂಲಕ ಸಭೆ ನಡೆಸುವ ಕಂಪನಿಗಳಲ್ಲಿ ಕಾರ್ಯದರ್ಶಿಗೆ ಮುಂಚಿತವಾಗಿ ಹೆಸರು ಬರೆಸಿದರೆ ಮನೆಯಲ್ಲಿಯೇ ಕುಳಿತು ಮಾತಾಡಬಹುದು. ಡಿವಿಡೆಂಡು ಎಷ್ಟು, ಬೋನಸ್ ಷೇರು ಯಾವಾಗ ಎಂದು ಕೇಳುವವರು ಹೇಗೂ ಇದ್ದಾರೆ. ನೀವು ಎರಡು ಪ್ರಶ್ನೆ ಕೇಳಿ: ಈ ಹೆಸರನ್ನು ಆರಿಸುವ ಮುನ್ನ ಸಮಿತಿಯ ಮುಂದೆ ಒಟ್ಟು ಎಷ್ಟು ಹೆಸರುಗಳಿದ್ದುವು, ಅವುಗಳಲ್ಲಿ ಮಂಡಳಿಯಲ್ಲಿ ಯಾರಿಗೂ ಮೊದಲು ಪರಿಚಯವಿಲ್ಲದವರು ಎಷ್ಟು ಮಂದಿ. ಗಂಡಸಿನ ನೇಮಕವಾದಾಗಲೂ ಇದನ್ನೇ ಕೇಳಿ.